ಚಪ್ಪಟೆ ಟೈರಿಗೆ ಮನೆಮದ್ದು

ದುಡ್ಡು ಕೊಟ್ಟರೆ ಅರ್ಧ ಗಂಟೆಯಲ್ಲಿ ಮುಗಿಯುವ ಕೆಲಸವನ್ನು ಮನೆಯಲ್ಲೇ ಮೂರು ದಿನ ಕೂತು ಹಾಳುಮಾಡುವ ಚಟ ಕೆಲವರಿಗೆ ಇರುತ್ತದೆ. ನನಗೆ ಇದೆ. ಕುಡಿತ, ಇಸ್ಪೀಟು ಇದ್ದವರನ್ನು ಊರವರು ಕರೆದು ಕೂರಿಸಿಕೊಂಡು ಬುದ್ಧಿ ಹೇಳುತ್ತಾರೆ. ಈ ಚಟ ಇದ್ದವನನ್ನು ಮಾತ್ರ "ಭಾರೀ ತಲೆ ಕಣ್ರೀ ಅವ್ರದ್ದು" ಎಂದು ಹೊಗಳಿ ಇನ್ನಷ್ಟು ಕೆಡಿಸುತ್ತಾರೆ. ನಮ್ಮ ಮನೆಯ ಮಿಕ್ಸಿಯನ್ನು ನಾನೇ ರಿಪೇರಿ ಮಾಡಿದ ಮೇಲೆ ಅದರಲ್ಲಿ ಚಟ್ನಿಗೆ ಹಾಕಿದರೆ ಮುಚ್ಚಳ ಮೇಲಕ್ಕೆ ಹಾರುತ್ತದೆ, ಚಟ್ನಿ ನಮ್ಮ ಮೇಲೆ ಬರುತ್ತದೆ. ಬಾವಿಯ ಪಂಪು ಬಿಚ್ಚಿ ಕೂಡಿಸಿದಾಗ ಎರಡು ಬೋಲ್ಟು ಉಳಿದವು. ಕಂಪನಿಯವರು ಯಾವಾಗಲೂ ಎರಡು ಹೆಚ್ಚಿಗೆ ಹಾಕಿರುತ್ತಾರೆ ಎಂದು ಹೆಂಡತಿಗೆ ತಿಳಿಹೇಳಿದೆ. ಅವಳು ಆ ಎರಡನ್ನೂ ದೇವರ ಗೂಡಿನಲ್ಲಿ ಇಟ್ಟಳು. ಯಾಕೆ ಎಂದು ನಾನು ಕೇಳಲಿಲ್ಲ.

ಹಾನುಬಾಳಿನ ಹತ್ತಿರ ನನ್ನದು ಎಂಟು ಎಕರೆ ಕಾಫಿ. ನಮ್ಮ ಕಡೆ ಎಂಬತ್ತು ಎಕರೆ ಇದ್ದವನು ಪ್ಲಾಂಟರ್, ಎಂಟು ಇದ್ದವನು ಬೆಳೆಗಾರ. ಪ್ಲಾಂಟರಿಗೆ ತೋಟದ ಲೆಕ್ಕ ಬರೆಯಲು ರೈಟರ್ ಇರುತ್ತಾನೆ, ಡ್ರೈವರ್ ಇರುತ್ತಾನೆ, ಸಾಕಿದ ನಾಯಿಗೂ ಇಂಗ್ಲಿಷಿನಲ್ಲೇ ಬೈಯುತ್ತಾರೆ. ನನಗೆ ಇವೆಲ್ಲದರ ಬದಲು ಹೆಂಡತಿ ಕುಸುಮ ಇದ್ದಾಳೆ. ಆಳುಗಳಿಗೆ ಕೆಲಸ ಹೇಳುವವಳು ಅವಳು, ಕಣದಲ್ಲಿ ಕಾಫಿ ಒಣಗಿತೋ ಇಲ್ಲವೋ ಎಂದು ಹಲ್ಲಲ್ಲಿ ಕಚ್ಚಿ ನೋಡುವವಳು ಅವಳು, ಬೆಳಿಗ್ಗೆ ನನ್ನನ್ನು ಬೈದು ಎಬ್ಬಿಸುವವಳೂ ಅವಳೇ. ಡ್ರೈವರ್ ಕೆಲಸ ಒಂದನ್ನು ಮಾತ್ರ ಇಪ್ಪತ್ತೈದು ವರ್ಷದಿಂದ ನಾನು ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ಗಂಡಸಿಗೆ ಏನಾದರೂ ಒಂದು ಇಲಾಖೆ ಬೇಡವೇ?

ಹಾಗಿದ್ದರೂ ಕುಸುಮ ಐವತ್ತೊಂದನೇ ವಯಸ್ಸಿನಲ್ಲಿ ಸಕಲೇಶಪುರದ ಡ್ರೈವಿಂಗ್ ಸ್ಕೂಲಿಗೆ ಸೇರುತ್ತೇನೆಂದಾಗ ನಾನು ತುಂಬು ಮನಸ್ಸಿನಿಂದ ಒಪ್ಪಿದೆ. ಇವಳಿಗೆ ಇದು ಬರುವುದಿಲ್ಲ ಎಂಬ ಭರವಸೆ ಇದ್ದವರೆಲ್ಲ ಹೀಗೆ ಧಾರಾಳವಾಗಿ ಒಪ್ಪುತ್ತಾರೆ. ದೀಪಾವಳಿ ಕಳೆದ ವಾರದಲ್ಲಿ ಅವಳು ಲೈಸೆನ್ಸ್ ತಂದು ನನ್ನ ಕಾಫಿ ಲೋಟದ ಪಕ್ಕ ಇಟ್ಟಳು. ಕಲಿಸಿದವನು ಪೇಟೆಯಲ್ಲಿ ಸಿಕ್ಕಿ, "ಸಾರ್, ಮೇಡಮ್ಮು ಏರಲ್ಲಿ ಹಾಫ್ ಕ್ಲಚ್ ಹಿಡ್ದು ಗಾಡಿ ನಿಲ್ಸೋದ್ ನೋಡ್ಬೇಕು, ಒಂದಿಂಚು ಹಿಂದಕ್ಕೋಗಲ್ಲ" ಅಂದ. ನಾನು ನಕ್ಕೆ. ನಮ್ಮ ಗೇಟಿನ ಕಲ್ಲುಕಂಬಕ್ಕೆ ಎಷ್ಟು ಪದರ ಬಣ್ಣ ಮೆತ್ತಿದೆಯೆಂದರೆ, ಹಳೆಯ ಕಾರು ಯಾವ ಬಣ್ಣದ್ದಿತ್ತು ಎಂದು ಮನೆಯಲ್ಲಿ ಚರ್ಚೆ ಬಂದಾಗ ಎದ್ದುಹೋಗಿ ಕಂಬ ನೋಡಿ ಬರುತ್ತೇವೆ. ಅಷ್ಟೂ ನನ್ನ ಕೈಯ ಕೆಲಸ.

ಕೀ ಕೊಡುವುದಿಲ್ಲ ಎಂದು ನಾನು ಒಂದು ದಿನವೂ ಹೇಳಲಿಲ್ಲ. ಅಷ್ಟು ಒರಟ ನಾನಲ್ಲ. ರಸ್ತೆ ಕೆಟ್ಟಿದೆ, ಬ್ರೇಕು ತೋರಿಸಬೇಕು, ಇವತ್ತು ಮಂಗಳವಾರ, ಹೀಗೆ ಒಂದೊಂದು ದಿನಕ್ಕೆ ಒಂದೊಂದು ಹೇಳಿಕೊಂಡು ಶಿವರಾತ್ರಿವರೆಗೆ ತಳ್ಳಿದೆ. ಅಷ್ಟರಲ್ಲಿ ರೋಬಸ್ಟಾ ಒಣಗಿ ಮೂಟೆ ಕಟ್ಟುವ ಹೊತ್ತು ಬಂತು. ನಮ್ಮ ಬೆಳೆಗಾರರಿಗೆ ಬೇರೆ ಯಾವುದರಲ್ಲಿ ತಾಳ್ಮೆ ಇಲ್ಲದಿದ್ದರೂ ರೇಟಿನಲ್ಲಿ ಇರುತ್ತದೆ. ಇನ್ನೂ ಏರುತ್ತೆ, ಇನ್ನೂ ಏರುತ್ತೆ ಎಂದು ಮಂಚದ ಕೆಳಗೆ, ಅಟ್ಟದ ಮೇಲೆ, ಬಾಣಂತಿ ಕೋಣೆಯಲ್ಲಿ ಕೂಡ ಮೂಟೆ ಪೇರಿಸಿಕೊಂಡು ಕೂರುತ್ತೇವೆ. ಆದರೆ ಕಾರಿನೊಳಗೆ ಪೇರಿಸಿದವನು ಬಹುಶಃ ನಾನೊಬ್ಬನೇ. "ಸ್ಟೋರಲ್ಲಿ ಇಲಿ ಕಾಟ, ಕಾರಿಗಾದ್ರೆ ಬೀಗ ಐತೆ" ಎಂದು ಹೇಳಿ ಡಿಕ್ಕಿಯಲ್ಲಿ ಮೂರು, ಹಿಂದಿನ ಸೀಟಿನಲ್ಲಿ ನಾಲ್ಕು, ಮುಂದೆ ಎಡಗಡೆ ಒಂದು ಮೂಟೆ ಕೂರಿಸಿದೆ. ಮುಂದಿನದಕ್ಕೆ ಬೆಲ್ಟೂ ಹಾಕಿದೆ. ಕುಸುಮ ಜಗಲಿಯಲ್ಲಿ ನಿಂತು ನೋಡಿದಳು, ಒಳಗೆ ಹೋದಳು.

ಅದೇ ವಾರ ಕುಂದೂರಿನಲ್ಲಿ ಅವಳ ತಂಗಿ ವಿಮಲ ಮೆಟ್ಟಿಲಿನಿಂದ ಜಾರಿ ಕಾಲು ಮುರಿದುಕೊಂಡಳು. ವಿಮಲ ಅಲ್ಲಿ ಸ್ಕೂಲ್ ಟೀಚರ್, ಮದುವೆ ಬೇಡವೆಂದು ಒಬ್ಬಳೇ ಇರುವವಳು. ತೊಡೆಯವರೆಗೆ ಸಿಮೆಂಟಿನ ಕಟ್ಟು ಹಾಕಿಸಿಕೊಂಡು ಮಲಗಿದವಳಿಗೆ ತಲೆಗೆ ನೀರು ಹಾಕಿಕೊಳ್ಳುವುದಕ್ಕೂ ಇನ್ನೊಬ್ಬರು ಬೇಕು. ಕುಸುಮ ವಾರಕ್ಕೆ ಎರಡು ಸಲ ರೊಟ್ಟಿ, ಪಲ್ಯ ಕಟ್ಟಿಕೊಂಡು ಹಾನುಬಾಳಿನಿಂದ ಸಕಲೇಶಪುರಕ್ಕೆ ಒಂದು ಬಸ್ಸು, ಅಲ್ಲಿಂದ ಆಲೂರಿಗೆ ಒಂದು, ಆಲೂರಿನಿಂದ ಕುಂದೂರಿಗೆ ಇನ್ನೊಂದು ಹಿಡಿದು ಹೋಗುತ್ತಿದ್ದಳು. ಅಲ್ಲಿ ಎರಡು ಗಂಟೆ ಇರುವುದಕ್ಕೆ ಇಡೀ ದಿನ ಬಸ್ಸಿನಲ್ಲಿ. ಒಂದು ತಪ್ಪಿದರೆ ಆಲೂರಿನಲ್ಲಿ ಚೀಲ ಹಿಡಿದು ನಿಲ್ಲಬೇಕು. ಮನೆಯಲ್ಲಿ ಲೈಸೆನ್ಸ್ ಇತ್ತು, ಕಾರಿತ್ತು, ಅದರ ಮುಂದಿನ ಸೀಟಿನಲ್ಲಿ ಬೆಲ್ಟು ಹಾಕಿಕೊಂಡ ರೋಬಸ್ಟಾ ಇತ್ತು. ಕುಸುಮಳಿಗೆ ಬೇಕಿದ್ದದ್ದು ಇಷ್ಟೇ: ತಾನೇ ಗಾಡಿ ಹೊಡೆದುಕೊಂಡು ಹೋಗಿ, ತಂಗಿಯ ತಲೆಗೆ ನಿಧಾನವಾಗಿ ಎಣ್ಣೆ ಹಚ್ಚಿ, ನೀರು ಹಾಕಿ, ಒಣಗುವವರೆಗೆ ಕೂತು ಬರುವುದು. ಅದನ್ನು ಅವಳು ನನಗೆ ಎರಡು ಸಲ ಹೇಳಿದಳು. ಮೂರನೇ ಸಲ ಹೇಳಲಿಲ್ಲ.

ಏಪ್ರಿಲ್ ಕೊನೆಗೆ ರೇಟು ನನ್ನ ತಾಳ್ಮೆ ನೋಡಿ ಬೇಸತ್ತು ಇಳಿಯತೊಡಗಿತು. ಮೂಟೆ ಮಾರಿದೆ. ಕಾರು ಖಾಲಿಯಾದ ಮರುಕ್ಷಣ ಕುಸುಮ ಕೈ ಚಾಚಿದಳು. "ತಡಿ ಮಾರಾಯ್ತಿ, ಎರಡೂವರೆ ತಿಂಗಳು ನಿಂತ ಗಾಡಿ, ನಾನೊಂದು ರೌಂಡ್ ನೋಡ್ತೀನಿ" ಎಂದು ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೊರಟೆ. ಗೇಟು ದಾಟುವಷ್ಟರಲ್ಲಿ ಗಾಡಿ ಕುಂಟತೊಡಗಿತು. ನಲವತ್ತರ ವೇಗಕ್ಕೆ ಸ್ಟೇರಿಂಗ್ ಚಳಿಜ್ವರ ಬಂದವರ ಹಾಗೆ ನಡುಗಿತು. ಸೀಟಿನ ಕೆಳಗೆ ದಬ ದಬ ದಬ ಎಂದು ಯಾರೋ ಭತ್ತ ಕುಟ್ಟುತ್ತಿದ್ದರು. ನನ್ನ ಕನ್ನಡಕ ಮೂಗಿನ ತುದಿಗೆ ಬಂತು. "ನೋಡ್ದಾ? ಲೈಸೆನ್ಸ್ ಬಂದ್ ದಿನ ಒಂದ್ಸಲ ನೀನು ಗೇಟ್‌ವರೆಗೆ ಓಡ್ಸಿದ್ಯಲ್ಲ, ಅವತ್ತೇ ಏನೋ ಆಗ್ಬುಟ್ಟೈತೆ" ಅಂದೆ. ಇದನ್ನು ಬರೆಯುವಾಗ ನನಗೆ ನಾಚಿಕೆಯಾಗುತ್ತದೆ. ಹೇಳುವಾಗ ಆಗಲಿಲ್ಲ.

ಮಾರನೆಯ ದಿನ ಒಬ್ಬನೇ ಆನೇಮಹಲ್‌ನ ಪುಟ್ಟಸ್ವಾಮಿಯ ಹತ್ತಿರ ಒಯ್ದೆ. ಹೈವೇ ಪಕ್ಕದಲ್ಲಿ ಟೈರು, ಪಂಕ್ಚರು ನೋಡುವವನು, ನನಗಿಂತ ಹದಿನೈದು ವರ್ಷ ಚಿಕ್ಕವನು. ಜಾಕ್ ಕೊಟ್ಟು ಎತ್ತಿ, ಚಕ್ರ ತಿರುಗಿಸಿ, ತಲೆ ಓರೆ ಮಾಡಿ ನೋಡಿದ.

"ಅಣ್ಣ, ನಾಲ್ಕಕ್ಕೂ ಔಟ್ ಐತೆ. ಹಿಂದಿನವಕ್ಕಂತೂ ಬಾಳ ಔಟ್ ಐತೆ" ಅಂದ.

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಕಾಫಿಯವರ ಬಾಯಲ್ಲಿ ಔಟ್ ಎಂದರೆ, ಒಂದು ಮೂಟೆ ಒಣಕಾಯಿ ಮಿಲ್ಲಿಗೆ ಹಾಕಿದರೆ ಎಷ್ಟು ಬೀಜ ಹೊರಬರುತ್ತದೆ ಎಂಬ ಲೆಕ್ಕ. ಔಟ್ ಜಾಸ್ತಿ ಬಂದವನು ಮದುವೆ ಮನೆಯಲ್ಲಿ ಮೊದಲ ಪಂಕ್ತಿಯಲ್ಲೇ ಕೂರುತ್ತಾನೆ. ಹುಟ್ಟಿದಾಗಿನಿಂದ ಹಾಗೆ ಕೇಳಿ ಬೆಳೆದ ಕಿವಿ ನನ್ನದು. ಎರಡೂವರೆ ತಿಂಗಳು ಗಾಡಿಯಲ್ಲಿದ್ದ ಮೂಟೆ ಬೇರೆ ತಲೆಯಲ್ಲಿತ್ತು. "ನಮ್ದು ಯಾವತ್ತೂ ಔಟ್ ಜಾಸ್ತೀನೇ ಕಣೋ, ಮಣ್ಣಿನ ಗುಣ" ಎಂದು ಎದೆಯುಬ್ಬಿಸಿದೆ. ಪುಟ್ಟಸ್ವಾಮಿ ಚಕ್ರವನ್ನು ಇನ್ನೊಮ್ಮೆ ತಿರುಗಿಸಿ ತೋರಿಸಿದ.

"ಅದಲ್ಲ ಅಣ್ಣ. ಟೈರು ಗುಂಡುಗಿಲ್ಲ. ಒಂದ್ಕಡೆ ಚಪ್ಪಟೆ ಆಗೈತೆ. ಭಾರ ಹೇರಿ ನಿಲ್ಸಿದ್ರಾ?"

"ಏನೋ, ಸ್ವಲ್ಪ ಮೂಟೆ…"

"ಸ್ವಲ್ಪ ಅಂದ್ರೆ?"

"ಎಂಟು."

ಅವನು ಹಣೆ ಚಚ್ಚಿಕೊಂಡ. ಆಮೇಲೆ ಮೆತ್ತಗೆ, ರೋಗಿಯ ಕಡೆಯವರಿಗೆ ಹೇಳುವ ಹಾಗೆ ಹೇಳಿದ: "ಗಾಳಿ ಸರ್ಯಾಗಿ ಹಿಡ್ದಿದೀನಿ. ಏನೂ ಖರ್ಚಿಲ್ಲ, ಓಡ್ಸಿ ಸಾಕು. ರಬ್ಬರು ಬಿಸಿ ಹತ್ತಿದಂಗೆಲ್ಲಾ ತಾನೇ ಗುಂಡ್ಗಾಗ್ತದೆ. ದಿನಾ ಆಲೂರ್ ಕಡೆ ಹೋಗಿ ಬನ್ನಿ, ಒಂದ್ವಾರ, ನಿಧಾನಕ್ಕೆ. ಅದಕ್ಕೂ ಬಗ್ಗಲಿಲ್ಲ ಅಂದ್ರೆ ಟೈರು ಬದಲಾಯ್ಸಣ."

ದಿನಾ ಆಲೂರ ಕಡೆ! ಜಗತ್ತಿನಲ್ಲಿ ಇಷ್ಟೊಂದು ಊರುಗಳಿರುವಾಗ ಈ ಮಹರಾಯನ ಬಾಯಲ್ಲಿ ಬಂದದ್ದು ಕುಂದೂರಿನ ದಾರಿಯೇ. ಈ ಮದ್ದು ಮನೆಯಲ್ಲಿ ಹೇಳಿದರೆ ಕೀ ಅವತ್ತೇ ಕೈಬಿಟ್ಟುಹೋಗುತ್ತದೆ. ಹಾಗಾಗಿ ಮನೆಗೆ ಬಂದು ಮುಖ ಗಂಟಿಕ್ಕಿಕೊಂಡು, "ಟೈರು ಔಟಾಗೈತಂತೆ, ದೊಡ್ಡ ತಾಪತ್ರಯ. ಹೆಂಗಸರು ಓಡ್ಸೋ ಸ್ಥಿತೀಲಿಲ್ಲ" ಎಂದೆ. ಗಂಡಸರು ಓಡಿಸುವ ಸ್ಥಿತಿ ಬೇರೆ, ಹೆಂಗಸರು ಓಡಿಸುವ ಸ್ಥಿತಿ ಬೇರೆ ಎಂದು ಯಾವ ಟೈರು ಹೇಳಿತ್ತೋ ನನಗೆ ಗೊತ್ತಿಲ್ಲ. ಕುಸುಮ, "ಹಂಗಾರೆ ಹೊಸಾ ಟೈರ್ ಹಾಕ್ಸಿ" ಅಂದಳು. ಅವಮಾನವಾಯಿತು. ಕೈಯಲ್ಲಿ ವಿದ್ಯೆ ಇರುವಾಗ ಹೊಸ ಟೈರು ಯಾಕೆ? "ನಾನೇ ಗುಂಡ್ಗೆ ಮಾಡ್ತೀನಿ. ಟೈರ್ ಗುಂಡ್ಗಾಗ್ಲಿ, ಅವತ್ತೇ ಕೀ ನಿಂಗೆ" ಎಂದು ಮಾತು ಕೊಟ್ಟುಬಿಟ್ಟೆ. ಗುಂಡಗಾಗುವವರೆಗೆ ಕೊಡಬೇಕಾಗಿಲ್ಲ ಎಂಬುದು ಒಳಗಿನ ಸಂತೋಷ.

ಫೋನಿನಲ್ಲಿ ಹುಡುಕಿದರೆ ಯಾವುದೋ ದೇಶದ ಒಬ್ಬ ಗಡ್ಡದವನು ಇದನ್ನು ಮನೆಯಂಗಳದಲ್ಲೇ ಮಾಡುತ್ತಿದ್ದ. ಚಕ್ರ ಎತ್ತಿ ನಿಲ್ಲಿಸಿ, ಇಂಜಿನ್ನಿನಿಂದ ತಿರುಗಿಸುತ್ತಾ, ಪಕ್ಕದಲ್ಲಿ ಅಲುಗಾಡದಂತೆ ಸೀಮೆಸುಣ್ಣ ಹಿಡಿಯುವುದು. ಉಬ್ಬಿದ ಕಡೆ ಬಿಳಿ ಗುರುತು ಬೀಳುತ್ತದೆ. ಆಮೇಲೆ ಆ ಉಬ್ಬನ್ನು ಅರದಿಂದ ಉಜ್ಜಿ ಹೆರೆಯುವುದು. ಅವನು ಹೆರೆದದ್ದು ಒಂದು ಕಡೆ ಉಬ್ಬಿದ್ದ ಟೈರು. ನನ್ನದು ಒಂದು ಕಡೆ ತಗ್ಗಿದ್ದ ಟೈರು. ಎರಡಕ್ಕೂ ಇರುವ ವ್ಯತ್ಯಾಸ ನನಗೆ ಹೊಳೆದದ್ದು ಕೆಲಸ ಶುರುವಾದ ಮೇಲೆ. ತಗ್ಗನ್ನು ಎತ್ತುವುದಕ್ಕೆ ಬರುವುದಿಲ್ಲವಲ್ಲ, ಹಾಗಾಗಿ ನೆಟ್ಟಗಿರುವ ಭಾಗವನ್ನೆಲ್ಲ ತಗ್ಗಿನ ಮಟ್ಟಕ್ಕೆ ಇಳಿಸಬೇಕು. ಇದೇನು ನನಗೆ ಹೊಸದಲ್ಲ. ನಮ್ಮೂರಿನ ಸಂಘದ ಮೀಟಿಂಗುಗಳಲ್ಲಿ ಮೂವತ್ತು ವರ್ಷದಿಂದ ಇದನ್ನೇ ಮಾಡುತ್ತಾ ಬಂದಿದ್ದೇವೆ. ಒಬ್ಬನಿಗೆ ಬುದ್ಧಿ ಕಮ್ಮಿ ಇದ್ದರೆ ಉಳಿದವರೆಲ್ಲ ಅವನ ಮಟ್ಟಕ್ಕೆ ಇಳಿದು ಠರಾವು ಪಾಸು ಮಾಡಿ, ಉಪ್ಪಿಟ್ಟು ತಿಂದು ಬರುತ್ತೇವೆ.

ಭಾನುವಾರ ಬೆಳಿಗ್ಗೆ ಕಾಫಿ ಒಣಗಿಸುವ ಸಿಮೆಂಟ್ ಕಣದ ಮೇಲೆ ಕಾರು ನಿಲ್ಲಿಸಿದೆ. ಕಣದ ಇನ್ನೊಂದು ತುದಿಯಲ್ಲಿ ಆ ವರ್ಷದ ಕೊನೆಯ ಕಾಳುಮೆಣಸು ಹರವಿತ್ತು. ಗೌರಕ್ಕ ಅದನ್ನು ಕಾಲಲ್ಲಿ ಕೆದಕುತ್ತಿದ್ದಳು. ಗೌರಕ್ಕ ನಮ್ಮ ತೋಟದ ಹಳೆಯ ಆಳು, ನನ್ನ ಅಮ್ಮನ ಕಾಲದವಳು, ನನಗೆ ಹೆದರುವುದನ್ನು ಬಿಟ್ಟು ಬಹಳ ಕಾಲವಾಯಿತು. ಹಿಂದಿನ ಚಕ್ರ ಇಂಜಿನ್ನಿಗೆ ತಿರುಗುವುದಿಲ್ಲವಾದ್ದರಿಂದ ಅದನ್ನು ಬಿಚ್ಚಿ ಮುಂದಕ್ಕೆ ಹಾಕಿದೆ. ಜಾಕಿನ ಮೇಲೆ ಆ ಮೂಲೆ ಎತ್ತಿದೆ. ಬಡಗಿಯ ಒರಟು ಅರವನ್ನು ಹಲಗೆಗೆ ಮೊಳೆ ಹೊಡೆದು ಕೂರಿಸಿದೆ. ಗಾಡಿ ಅಲುಗದಂತೆ ಹಿಂದಿನ ಚಕ್ರಕ್ಕೆ ಒಂದು ಸೌದೆ ಕೊರಡು ಕೊಟ್ಟೆ, ಚಕ್ರದ ಹಿಂಬದಿಗೆ. ಹ್ಯಾಂಡ್‌ಬ್ರೇಕು ಎಳೆದೆ. ಅದು ನಮ್ಮ ಗಾಡಿಯಲ್ಲಿ ಎಂದಿನಿಂದಲೂ ನೆಪಮಾತ್ರಕ್ಕೆ ಇತ್ತು. ಎಲ್ಲ ಆದ ಮೇಲೆ ತಿಳಿಯಿತು: ನಾನು ಅರ ಹಿಡಿದು ಕೂತರೆ ಆಕ್ಸಿಲರೇಟರ್ ಒತ್ತುವವರು ಯಾರು?

"ಗೌರಕ್ಕ, ನೀನು ಕೂತ್ಕಂಡು ಸ್ವಲ್ಪ ಒತ್ತಿಯಾ?"

"ಯಾಕ್ ಗೌಡ್ರೇ, ನಾನಿನ್ನೂ ಒಂದ್ನಾಲ್ಕ್ ದಿನ ಬದುಕ್ಬೇಕು" ಅಂದಳು.

ಕುಸುಮ ಸೆರಗಿಗೆ ಕೈ ಒರೆಸಿಕೊಂಡು ಬಂದು, ಬಾಗಿಲು ತೆಗೆದು, ಸ್ಟೇರಿಂಗ್ ಮುಂದೆ ಕೂತಳು. ಸೀಟು ಮುಂದಕ್ಕೆ ಎಳೆದುಕೊಂಡಳು. ಕನ್ನಡಿ ಸರಿಮಾಡಿಕೊಂಡಳು. ಎಲ್ಲಿಗೂ ಹೋಗದ ಗಾಡಿಗೆ ಕನ್ನಡಿ ಯಾಕೆ ಎಂದುಕೊಂಡೆ. ಆರು ತಿಂಗಳಿಂದ ಯಾವ ಸೀಟಿನಿಂದ ಅವಳನ್ನು ದೂರ ಇಟ್ಟಿದ್ದೆನೋ ಆ ಸೀಟಿನಲ್ಲಿ ನನ್ನ ಕೈಯಾರೆ ಕೂರಿಸಿ, "ಫಸ್ಟ್ ಗೇರು, ನಿಧಾನ" ಎಂದು ನಾನೇ ಹೇಳಿಕೊಡುತ್ತಿದ್ದೆ.

ಮೊದಲ ಅರ್ಧ ಗಂಟೆ ಎಲ್ಲವೂ ಗಡ್ಡದವನ ಹಾಗೆಯೇ ನಡೆಯಿತು. ಅರ ಮುಟ್ಟಿಸಿದಾಗ ಕರೀ ಪುಡಿ ಹಾರಿ ನನ್ನ ಮೂಗು, ಮೀಸೆ, ಬಾಯಿ ತುಂಬಿತು. ಸುಟ್ಟ ರಬ್ಬರಿನ ವಾಸನೆ ಮನೆಯೊಳಗೂ ಹೋಯಿತು. ನಿಲ್ಲಿಸಿ ಸೀಮೆಸುಣ್ಣ ಹಿಡಿದು ನೋಡಿದರೆ, ಮೊದಲು ಒಂದು ಕಡೆ ತಗ್ಗಿದ್ದದ್ದು ಈಗ ಮೂರು ಕಡೆ ತಗ್ಗಿತ್ತು. ಆ ಮೂರನ್ನು ಸರಿಮಾಡಲು ಹೋಗಿ ಐದಾಯಿತು. ಒಂದು ಕಡೆ ರಬ್ಬರು ಮುಗಿದು ಒಳಗಿನ ನೂಲು ಹಲ್ಲು ಕಿರಿಯಿತು. "ಗುಂಡ್ಗಾಗ್ತಾ ಐತಾ?" ಎಂದು ಕುಸುಮ ಒಳಗಿನಿಂದ ಕೇಳಿದಳು. "ಆಗ್ತೈತೆ, ಆಗ್ತೈತೆ, ಇನ್ನೊಂಚೂರು ಜೋರಾಗಿ ಒತ್ತು" ಎಂದೆ. ಗೌರಕ್ಕ ಹತ್ತಿರ ಬಂದು ಸೊಂಟದ ಮೇಲೆ ಕೈಯಿಟ್ಟು ನೋಡಿ, "ಗೌಡ್ರೇ, ಇದ್ಕಿಂತ ನಮ್ಮನೆ ಬೀಸೋಕಲ್ಲೇ ಗುಂಡ್ಗೈತೆ, ಬೇಕಾರೆ ಹಾಕ್ಕಳಿ" ಎಂದು ಕಾರಿನ ಮುಂದಿನಿಂದ ಮೆಣಸಿನ ಕಡೆ ವಾಪಸು ನಡೆದಳು.

ನನಗೆ ಸಿಟ್ಟು ಬಂತು. ಅರವನ್ನು ಎರಡೂ ಕೈಯಲ್ಲಿ ಬಲವಾಗಿ ಒತ್ತಿದೆ. ಗಾಡಿ ಒಮ್ಮೆ ನರಳಿತು, ಜಾಕು ಓರೆಯಾಯಿತು. ಅಯ್ಯೋ ಅನ್ನುವಷ್ಟರಲ್ಲಿ ತಿರುಗುತ್ತಿದ್ದ ಚಕ್ರ ದಡ್ಡನೆ ಸಿಮೆಂಟಿನ ಮೇಲೆ ಕೂತಿತು. ಕೂತ ಚಕ್ರ ಸುಮ್ಮನಿರುತ್ತದೆಯೇ? ನಾನು ಹಲಗೆ ಸಮೇತ ಹಿಂದಕ್ಕೆ ಬಿದ್ದೆ, ಕಾರು ಮುಂದಕ್ಕೆ ನೆಗೆಯಿತು. ಹಿಂಬದಿಗೆ ಕೊಟ್ಟಿದ್ದ ಕೊರಡು ಅಲ್ಲೇ ಕೂತು ನೋಡಿತು. ಕಾರು ನೇರವಾಗಿ ಹೋಗಿದ್ದರೆ ಗೌರಕ್ಕ. ಎಡಕ್ಕೆ ಹೋಗಿದ್ದರೆ ಎಂಟಡಿ ಆಳದ ನೀರಿನ ತೊಟ್ಟಿ. ಒಂದು ಟೈರಿನ ಹಟಕ್ಕೆ ಹೆಂಡತಿಯನ್ನೇ ಕಳೆದುಕೊಂಡೆ ಎಂದುಕೊಂಡೆ. ಅದು ತಮಾಷೆಯ ಮಾತಲ್ಲ.

ಕುಸುಮ ಬಲಕ್ಕೆ ತಿರುಗಿಸಿದಳು. ಗೌರಕ್ಕನನ್ನೂ ತೊಟ್ಟಿಯನ್ನೂ ತಪ್ಪಿಸಿ, ಹರವಿದ ಮೆಣಸಿನ ಮೇಲೆ ಹಾದು, ಕಣದ ಕಟ್ಟೆಗೆ ಒಂದು ಗೇಣು ಇರುವಾಗ ಗಾಡಿ ನಿಂತಿತು. ಇಂಜಿನ್ ಕೂಡ ಆಫ್ ಆಗಿರಲಿಲ್ಲ. ನ್ಯೂಟ್ರಲ್ ಮಾಡಿ, ಕೀ ತಿರುಗಿಸಿ ಆಫ್ ಮಾಡಿ, ಬಾಗಿಲು ತೆಗೆದು ಇಳಿದು ಬಂದು, "ಪೆಟ್ಟಾಯ್ತೇನ್ರೀ?" ಎಂದು ನನ್ನನ್ನು ಕೇಳಿದಳು. ಮೆಣಸಿನ ಕಾಳು ಕಣದ ತುಂಬ ಉರುಳಾಡುತ್ತಿತ್ತು.

"ಸಿವ್ನೇ! ಅಮ್ಮೋರು ಏನ್ ತಿರುಗ್ಸುದ್ರು ಅಂತೀನಿ! ಗೌಡ್ರು ಕೂತಿದ್ರೆ ನಾನ್ ಹೋಗ್ಬುಡ್ತಿದ್ದೆ" ಎಂದು ಗೌರಕ್ಕ ಎದೆ ಹಿಡಿದುಕೊಂಡು ಕೂತಳು. ನಾನು ಬಾಯಿ ತುಂಬಿದ್ದ ರಬ್ಬರು ಪುಡಿ ಉಗುಳಿದೆ.

ಬಗ್ಗಿದ ಜಾಕು, ನೂಲು ಬಿಟ್ಟ ಟೈರು ಇಟ್ಟುಕೊಂಡು ಏನು ಮಾಡುವುದು? ಪುಟ್ಟಸ್ವಾಮಿಗೆ ಫೋನ್ ಮಾಡಿದೆ. ಮಧ್ಯಾಹ್ನ ಬೈಕಿನಲ್ಲಿ ತನ್ನ ಜಾಕು ಕಟ್ಟಿಕೊಂಡು ಬಂದ. ಟೈರಿನ ಸುತ್ತ ಒಂದು ಸುತ್ತು ಬಂದು, ನಗು ತಡೆಯಲಾರದೆ ಬೆನ್ನು ತಿರುಗಿಸಿ ನಿಂತ. ಕೆಟ್ಟದ್ದನ್ನು ಬಿಚ್ಚಿ ಸ್ಟೆಪ್ನಿ ಹಾಕಿದ. ಕುಸುಮ ಅವನಿಗೆ ಕಾಫಿ ತಂದುಕೊಟ್ಟಳು. ಆಗ ಅವನು ಯಾವ ದುರುದ್ದೇಶವೂ ಇಲ್ಲದೆ ಹೇಳಿಬಿಟ್ಟ:

"ಅಕ್ಕಾ, ನಾನ್ ಅಣ್ಣಂಗೆ ಅವತ್ತೇ ಹೇಳಿದ್ದೆ, ಏನೂ ಮಾಡ್ಬ್ಯಾಡಿ, ದಿನಾ ಆಲೂರ್ ಕಡೆ ಓಡ್ಸಿ, ತಾನೇ ಸರಿ ಹೋಗ್ತದೆ ಅಂತ."

ನಾನು ತೊಟ್ಟಿಯ ಕಡೆ ನೋಡಿದೆ. ಎಂಟಡಿ ಸಾಲದು ಅನ್ನಿಸಿತು.

"ಓಡ್ಸಿದ್ರೆ ಸಾಕು ಅಂದಿದ್ರಾ?" ಎಂದು ಕುಸುಮ ಅವನನ್ನೇ ಕೇಳಿದಳು. ನನ್ನನ್ನು ನೋಡಲಿಲ್ಲ. ಅವನು ಹೋದ ಮೇಲೆ, ಮೆಣಸು ಗುಡಿಸುತ್ತಾ, ದನಿ ಏರಿಸದೆ ಹೇಳಿದಳು: "ಸ್ಟೋರಲ್ಲೂ ಜಾಗ ಇತ್ತು. ಮೂಟೆ ತುಂಬಿದ ದಿನಾನೇ ಹೋಗಿ ನೋಡಿದ್ದೆ. ಇಷ್ಟ ಇಲ್ಲ ಅಂತ ಬಾಯಲ್ಲಿ ಹೇಳಿದ್ರೆ ಜಗಳಾನಾದ್ರೂ ಆಡ್ತಿದ್ದೆ. ಆಲೂರ್ ಬಸ್‌ಸ್ಟ್ಯಾಂಡಲ್ಲಿ ಎಷ್ಟ್ ಸಲ ನಿಂತಿದೀನಿ ಗೊತ್ತಾ?" ಅವಳು ಬೈದಿದ್ದರೆ ನನಗೆ ಅಭ್ಯಾಸವಿತ್ತು. ಹೀಗೆ ಹೇಳಿದ್ದಕ್ಕೆ ನನಗೆ ಅಳು ಬಂದ ಹಾಗಾಯಿತು. ತಪ್ಪಾಯ್ತು ಎಂದು ಹೇಳಬೇಕಿತ್ತು. ಅದರ ಬದಲು ನಾನೂ ಒಂದು ಪೊರಕೆ ತಂದು ಗುಡಿಸತೊಡಗಿದೆ. ನಮ್ಮ ಪೈಕಿ ಗಂಡಸರಿಗೆ ಬರುವ ಕ್ಷಮಾಪಣೆ ಅಷ್ಟೇ.

ಮಾರನೆಯ ದಿನ ಬೆಳಿಗ್ಗೆ ಅವಳು ಬುತ್ತಿ ಕಟ್ಟಿಕೊಂಡು, ಗೋಡೆಯ ಮೊಳೆಯಿಂದ ತಾನೇ ಕೀ ತೆಗೆದುಕೊಂಡು ಹೊರಟಳು. "ನಾನೂ ಬರ್ತೀನಿ" ಎಂದು ಎಡಗಡೆ ಹತ್ತಿದೆ. ಸಕಲೇಶಪುರದವರೆಗೆ ಗಾಡಿ ಕುಂಟಿತು. ಆಲೂರಿನ ದಾರಿ ಹಿಡಿದ ಮೇಲೆ ದಬದಬ ಸಣ್ಣದಾಯಿತು. ನಾನು ಇಲ್ಲದ ಬ್ರೇಕನ್ನು ಕಾಲಲ್ಲಿ ಒತ್ತಿ ಒತ್ತಿ ಮೀನಖಂಡ ನೋಯುತ್ತಿತ್ತು. ಅವಳು ಒಂದು ಕೈ ಗೇರಿನ ಮೇಲಿಟ್ಟು, ಲಾರಿಗೆ ದಾರಿ ಬಿಟ್ಟು, ತಿರುವಿನಲ್ಲಿ ಹಾರ್ನ್ ಹೊಡೆದು, ನನಗಿಂತ ಚೆನ್ನಾಗಿ ಓಡಿಸಿದಳು. ಇದನ್ನು ಇಷ್ಟು ಸ್ಪಷ್ಟವಾಗಿ ಬರೆಯುವುದಕ್ಕೆ ನನಗೆ ಕಷ್ಟವಾಗುತ್ತಿದೆ, ಆದರೂ ಬರೆದಿದ್ದೇನೆ.

ಕುಂದೂರಿನಲ್ಲಿ ವಿಮಲ ಊರುಗೋಲು ಹಿಡಿದು ಬಾಗಿಲಿಗೆ ಬಂದಿದ್ದಳು. ಅಕ್ಕ ಬಲಗಡೆಯಿಂದ ಇಳಿದದ್ದು ನೋಡಿದಳು. ನಾನು ಎಡಗಡೆಯಿಂದ ಇಳಿದದ್ದು ನೋಡಿದಳು. ಅವಳ ಮುಖದಲ್ಲಿ ನಿಜವಾದ ಗಾಬರಿ ಕಂಡಿತು.

"ಯಾಕ್ ಭಾವ, ಹುಷಾರಿಲ್ವಾ?"

ಅಕ್ಕಪಕ್ಕದ ಮನೆಯ ಇಬ್ಬರು ಮೂವರು ಬೇಲಿಯಾಚೆ ನಿಂತು ಕಿವಿ ಕೊಟ್ಟಿದ್ದರು. ಸತ್ಯ ಹೇಳುವುದಕ್ಕೆ ಅದಕ್ಕಿಂತ ಒಳ್ಳೆಯ ಹೊತ್ತು ಸಿಗುತ್ತಿರಲಿಲ್ಲ. "ಸೊಂಟ ಹಿಡ್ಕಂಡ್ಬುಟ್ಟೈತಮ್ಮ" ಎಂದೆ. ಕೈ ತಾನಾಗಿಯೇ ಸೊಂಟಕ್ಕೆ ಹೋಯಿತು. ಕುಸುಮ ಒಂದು ಸಲ ನನ್ನನ್ನು ನೋಡಿ, "ಹೂಂ ಕಣೇ, ಪಾಪ, ಇನ್ಮೇಲೆ ಡ್ರೈವಿಂಗ್ ಆಗಲ್ಲ ಅವ್ರಿಗೆ" ಎಂದಳು. ಕಾಲು ಮುರಿದ ವಿಮಲ ನನ್ನನ್ನು ಬೆಂಚಿನ ಮೇಲೆ ಬೋರಲು ಮಲಗಿಸಿ, ಕುಂಟುತ್ತಾ ಒಳಗೆ ಹೋಗಿ, ಬಿಸಿ ಉಪ್ಪಿನ ಗಂಟು ಮಾಡಿ ತಂದು ಶಾಖ ಕೊಟ್ಟಳು. ಉಪ್ಪು ಚೆನ್ನಾಗಿ ಕಾದಿತ್ತು. ಹಿತ್ತಲಿನಲ್ಲಿ ಕುಸುಮ ತಂಗಿಯ ತಲೆಸ್ನಾನಕ್ಕೆ ನೀರು ಕಾಯಿಸುತ್ತಾ ಹಾಡಿಕೊಳ್ಳುತ್ತಿದ್ದಳು.

ವಾರದೊಳಗೆ ಟೈರುಗಳು ಪುಟ್ಟಸ್ವಾಮಿ ಹೇಳಿದ ಹಾಗೆ ಗುಂಡಗಾದವು. ನನ್ನ ಸೊಂಟ ಮಾತ್ರ ಕುಂದೂರಿನಿಂದ ಆಲೂರಿಗೆ, ಅಲ್ಲಿಂದ ಹಾನುಬಾಳಿಗೆ ಸುದ್ದಿಯಾಗಿ ಬಂತು. ಅಂಗಡಿಗೆ ಹೋದರೆ ಎಣ್ಣೆ ಹೇಳುತ್ತಾರೆ, ಬಸ್ಸು ಹತ್ತಿದರೆ ಎದ್ದು ಸೀಟು ಕೊಡುತ್ತಾರೆ. ಮೊನ್ನೆ ಪೇಟೆಗೆ ಹೊರಡುವಾಗ, ಯಾರೂ ನೋಡುತ್ತಿಲ್ಲವೆಂದು ಮೊಳೆಯಿಂದ ಕೀ ತೆಗೆದುಕೊಂಡು ಬಲಗಡೆಯ ಬಾಗಿಲಿಗೆ ಕೈ ಹಾಕಿದೆ. ಕುಸುಮ ಚೀಲ ಹಿಡಿದು ಹಿಂದೆಯೇ ಬಂದಿದ್ದಳು.

"ಸೊಂಟ ವಾಸಿ ಆಯ್ತೇನ್ರೀ?" ಎಂದು ಅಂಗಳದಾಚೆಗೂ ಕೇಳುವ ಹಾಗೆ ಕೇಳಿದಳು. ಕಣದಲ್ಲಿದ್ದ ಗೌರಕ್ಕ ತಲೆ ಎತ್ತಿ ನೋಡಿದಳು.

ಇಲ್ಲದ ನೋವು ವಾಸಿಯಾಯಿತು ಎನ್ನಬೇಕಾದರೆ, ಅದು ಬಂದದ್ದು ಯಾಕೆ ಎಂದು ಮೊದಲು ಹೇಳಬೇಕಾಗುತ್ತದೆ. "ಇನ್ನೂ ಇಲ್ಲ" ಎಂದು ಕೀ ಅವಳ ಕೈಗೆ ಕೊಟ್ಟು, ಸುತ್ತಿಕೊಂಡು ಹೋಗಿ, ಸೊಂಟ ಹಿಡಿದುಕೊಂಡು ಎಡಗಡೆ ಕೂತೆ.